ಶುದ್ಧ ಪೆಟ್ರೋಲ್, ಸ್ವಚ್ಛ ಎಂಜಿನ್

ಕಾರಿನ ಎಂಜಿನ್ ಸ್ವಚ್ಛವಾಗಿರಬೇಕಾದರೆ ಪೆಟ್ರೋಲ್ ಶುದ್ಧವಾಗಿರಬೇಕು. ಪೆಟ್ರೋಲಿಗೆ ಬೆರೆಸಿದ ಸೀಮೆಎಣ್ಣೆಯು ಸುಲಭವಾಗಿ ಆವಿಯಾಗದೆ ಅರೆಬರೆಯಾಗಿ ಉರಿಯುತ್ತದೆ. ಕವಾಟ ಹಾಗೂ ಸ್ಪಾರ್ಕ್ ಪ್ಲಗ್‌ಗಳ ಮೇಲೆ ಮಸಿ ಕಟ್ಟುತ್ತದೆ. ಉರಿಯದೆ ಉಳಿದ ಅಂಶವು ಎಂಜಿನ್ ಆಯಿಲ್‌ಗೆ ಸೇರಿ ಅದನ್ನು ತೆಳುವಾಗಿಸುವುದರಿಂದ ಬಿಡಿಭಾಗಗಳು ಬೇಗನೆ ಸವೆಯುತ್ತವೆ.

ಕಲಬೆರಕೆಯ ಸಂಶಯ ಬಂದಾಗ ಬಂಕಿನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆಯನ್ನು ಕೇಳಿ ಪಡೆಯುವುದು ಗ್ರಾಹಕರ ಹಕ್ಕು. ಪಂಪಿನ ನಳಿಕೆಯ ತುದಿಯನ್ನು ಒರೆಸಿ, ಒಂದು ಹನಿಯನ್ನು ಕಾಗದದ ಮೇಲೆ ಬೀಳಿಸಬೇಕು. ಶುದ್ಧ ಪೆಟ್ರೋಲ್ ಸುಮಾರು 2 ನಿಮಿಷಗಳಲ್ಲಿ ಕಲೆ ಉಳಿಸದೆ ಆರಿಹೋಗುತ್ತದೆ. ಕಲೆ ಉಳಿದರೆ ಸಾಂದ್ರತೆಯನ್ನೂ ಅಳೆಸಿ ನೋಡಬೇಕು. 15 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿದ ಸಾಂದ್ರತೆಗೂ ಬಂಕಿನ ದಾಖಲೆಯಲ್ಲಿರುವ ಅಂಕಿಗೂ ಘನಮೀಟರಿಗೆ 3 ಕಿಲೋಗ್ರಾಂಗಿಂತ ಹೆಚ್ಚು ಅಂತರವಿರಬಾರದು. ರಶೀದಿಯನ್ನು ತಪ್ಪದೆ ಪಡೆಯಿರಿ. ದೂರು ನೀಡುವಾಗ ಅದೇ ಆಧಾರ.