ಅತಿಥಿಯಾಗಿ ಒಂದು ವರ್ಷ

“ಮಗ ಆಯ್ಕೆಯಾಗಿದ್ದಾನೆ. ಅಮೇರಿಕದಲ್ಲಿ ಒಂದು ವರ್ಷದ ಶಾಲೆ. ಆದರೆ ಯಾರದೋ ಮನೆಯಲ್ಲಿ, ನಮ್ಮ ಧರ್ಮದವರಲ್ಲದವರ ಮನೆಯಲ್ಲಿ ಇರಬೇಕಂತೆ. ಕಳುಹಿಸಬಹುದೇ?” ಈ ಪ್ರಶ್ನೆಯನ್ನು ಕೇಳುವ ತಾಯಂದಿರ ಧ್ವನಿಯಲ್ಲಿ ಸಂತೋಷಕ್ಕಿಂತ ಅಂಜಿಕೆಯೇ ಹೆಚ್ಚಾಗಿರುತ್ತದೆ. ಆ ಅಂಜಿಕೆ ಅಕಾರಣವೇನಲ್ಲ. ಹದಿನಾರು ವರ್ಷದ ಮಗು ನಮಾಝನ್ನು ಉಳಿಸಿಕೊಂಡೀತೇ? ಏನನ್ನು ತಿಂದೀತು? ಅವರ ಮನೆಯ ರೀತಿ ನೀತಿ ಹೇಗಿರುತ್ತದೋ? ಕಳುಹಿಸಬೇಕೇ ಬೇಡವೇ ಎಂಬುದನ್ನು ಪ್ರತಿಯೊಂದು ಕುಟುಂಬವೂ ತಾನೇ ನಿರ್ಧರಿಸಬೇಕು. ಮಹ್ರಮ್ ಜೊತೆಗಿಲ್ಲದೆ ಹೆಣ್ಮಕ್ಕಳು ದೂರ ಪ್ರಯಾಣ ಮಾಡುವ ವಿಷಯದಲ್ಲಂತೂ ಅರ್ಜಿ ತುಂಬುವ ಮೊದಲೇ ತಾವು ನಂಬುವ ವಿದ್ವಾಂಸರನ್ನು ಕೇಳುವುದು ಅಗತ್ಯ. ಇಲ್ಲಿ ನಾನು ಫತ್ವಾ ಕೊಡಲು ಹೊರಟಿಲ್ಲ. ಹೋಗುವುದೆಂದು ನಿಶ್ಚಯವಾದ ಬಳಿಕ ಆ ಮನೆಯಲ್ಲಿ ಬದುಕುವುದು ಹೇಗೆ ಎಂಬುದಷ್ಟೇ ನನ್ನ ವಿಷಯ.

ಮೊದಲು ಈ ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಒಂದನೇ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸ್ ಸ್ವಯಂಸೇವಕರ ಪಡೆಯಾಗಿ ಹುಟ್ಟಿದ ಎ.ಎಫ್.ಎಸ್. ಎಂಬ ಸಂಸ್ಥೆಯು ಎರಡನೇ ಮಹಾಯುದ್ಧ ಮುಗಿದ ಮೇಲೆ ಶಾಲಾ ವಿದ್ಯಾರ್ಥಿಗಳನ್ನು ಒಂದು ದೇಶದಿಂದ ಇನ್ನೊಂದು ದೇಶದ ಮನೆಗಳಿಗೆ ಕಳುಹಿಸುವ ಕೆಲಸಕ್ಕೆ ತೊಡಗಿತು. ನಿನ್ನೆಯವರೆಗೆ ಶತ್ರುಗಳಾಗಿದ್ದವರ ಮಕ್ಕಳು ಒಂದೇ ಮೇಜಿನಲ್ಲಿ ಕುಳಿತು ಉಂಡರೆ ನಾಳೆ ಯುದ್ಧ ಮಾಡಲು ಕೈ ಬಾರದು ಎಂಬುದು ಅದರ ಹಿಂದಿನ ಆಲೋಚನೆ. 2001ರ ಸೆಪ್ಟೆಂಬರ್ 11ರ ಘಟನೆಯ ನಂತರ, 2002ರಲ್ಲಿ, ಅಮೇರಿಕ ಸರಕಾರವು ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿರುವ ದೇಶಗಳ ವಿದ್ಯಾರ್ಥಿಗಳಿಗಾಗಿಯೇ ಒಂದು ವಿದ್ಯಾರ್ಥಿವೇತನವನ್ನು ಆರಂಭಿಸಿತು. ಸೆನೆಟರುಗಳಾದ ಎಡ್ವರ್ಡ್ ಕೆನೆಡಿ ಮತ್ತು ರಿಚರ್ಡ್ ಲೂಗರ್ ಅವರ ಹೆಸರಿನಲ್ಲಿರುವ ಆ ಯೋಜನೆಯನ್ನು ‘ಯೆಸ್’ ಎಂದು ಕರೆಯುತ್ತಾರೆ. ಭಾರತದ ವಿದ್ಯಾರ್ಥಿಗಳೂ ಅದರಡಿ ಹೋಗಿ ಬಂದಿದ್ದಾರೆ.

ಇಲ್ಲಿ ಒಂದು ಸಂಗತಿ ನಮ್ಮವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಈ ವಿನಿಮಯ ಯೋಜನೆಗಳಲ್ಲಿ ಆತಿಥೇಯ ಕುಟುಂಬಕ್ಕೆ ಹಣ ಸಂದಾಯವಾಗುವುದಿಲ್ಲ. ಅಮೇರಿಕದ ನಿಯಮವೇ ಹಾಗಿದೆ. ಅವರು ತಮ್ಮ ಅಕ್ಕಿ, ತಮ್ಮ ನೀರು, ತಮ್ಮ ಒಂದು ಹಾಸಿಗೆಯನ್ನು ಪರಿಚಯವಿಲ್ಲದ ಮಗುವಿಗೆ ಉಚಿತವಾಗಿ ಕೊಡುತ್ತಾರೆ. ಬಾಡಿಗೆ ಕೊಟ್ಟು ಇರುವ ಹಾಸ್ಟೆಲ್ ಹುಡುಗನಿಗೂ ಈ ಹುಡುಗನಿಗೂ ಇರುವ ಅಂತರ ಇದೇ. ನಮ್ಮ ಮಗು ಅಲ್ಲಿ ಗಿರಾಕಿಯಲ್ಲ, ಅತಿಥಿ.

ಅತಿಥಿ ಎಂದೊಡನೆ ನಮಗೆ ಆತಿಥೇಯನ ಕರ್ತವ್ಯಗಳು ನೆನಪಾಗುತ್ತವೆ. ಅತಿಥಿಯ ಕರ್ತವ್ಯಗಳ ಕುರಿತು ನಾವು ಕಡಿಮೆ ಮಾತಾಡುತ್ತೇವೆ. ಆತಿಥ್ಯವು ಮೂರು ದಿನ, ಅದಕ್ಕಿಂತ ಹೆಚ್ಚಿನದು ದಾನ, ಆತಿಥೇಯನಿಗೆ ಹೊರೆಯಾಗುವಷ್ಟು ಕಾಲ ಉಳಿಯುವುದು ಅತಿಥಿಗೆ ಸಲ್ಲದು ಎಂಬ ಅರ್ಥದ ಪ್ರವಾದಿವಚನ ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿದೆ. ಹತ್ತು ತಿಂಗಳು ಇರುವವನು ಹೊರೆಯಾಗದಿರುವುದು ಹೇಗೆ? ಮದೀನಾದಲ್ಲಿ ಪ್ರವಾದಿವರ್ಯರು(ಸ) ಮುಹಾಜಿರ್ ಮತ್ತು ಅನ್ಸಾರ್‌ಗಳನ್ನು ಸಹೋದರರನ್ನಾಗಿ ಮಾಡಿದಾಗ ಅಬ್ದುರ‍್ರಹ್ಮಾನ್ ಬಿನ್ ಔಫ್‌ರನ್ನು(ರ) ಸಅದ್ ಬಿನ್ ರಬೀಅ್‌ರ(ರ) ಜೊತೆ ಸೇರಿಸಿದರು. ಸಅದ್ ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅಬ್ದುರ‍್ರಹ್ಮಾನ್ ಅವರಿಗಾಗಿ ಪ್ರಾರ್ಥಿಸಿ, ಪೇಟೆಯ ದಾರಿಯನ್ನು ಕೇಳಿಕೊಂಡು ಹೋಗಿ, ಒಣಮೊಸರು ಮತ್ತು ತುಪ್ಪದ ವ್ಯಾಪಾರದಿಂದ ದುಡಿಯತೊಡಗಿದರು. ವಿದ್ಯಾರ್ಥಿ ವೀಸಾದಲ್ಲಿ ಹೋದ ಹುಡುಗ ವ್ಯಾಪಾರಕ್ಕಿಳಿಯುವಂತಿಲ್ಲ. ಅವನ ಪೇಟೆ ಅಡುಗೆಮನೆಯ ಸಿಂಕ್. ಉಂಡ ತಟ್ಟೆಯನ್ನು ತೊಳೆದು ಯಂತ್ರದಲ್ಲಿಡುವುದು, ತನ್ನ ಬಟ್ಟೆ ತಾನೇ ಒಗೆಯುವುದು, ಕಸದ ಡಬ್ಬಿಯನ್ನು ಗೊತ್ತಾದ ದಿನ ರಸ್ತೆ ಬದಿಗೆ ಎಳೆದು ಬರುವುದು, ಹಿಮ ಬಿದ್ದರೆ ಸಲಿಕೆ ಹಿಡಿಯುವುದು. ಅಲ್ಲಿ ಮನೆಗೆಲಸದವರಿರುವುದು ಅಪರೂಪ. ತಂದೆ ತಾಯಿ ಇಬ್ಬರೂ ದುಡಿಯುವ ಮನೆಗಳೇ ಹೆಚ್ಚು. ನಮ್ಮ ಗಂಡುಮಕ್ಕಳು ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು ಏಳುವುದನ್ನು ನಾವೇ ಕಲಿಸಿದ್ದೇವೆ. ಪ್ರವಾದಿವರ್ಯರು(ಸ) ಮನೆಯಲ್ಲಿ ತಮ್ಮ ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರೆಂದು ಹಝ್ರತ್ ಆಯಿಷಾ(ರ) ತಿಳಿಸಿದ್ದನ್ನು ಮಾತ್ರ ಕಲಿಸಲಿಲ್ಲ!

ಇನ್ನು ಮರೆಮಾಚುವ ವಿಷಯ. ನನ್ನ ದೃಷ್ಟಿಯಲ್ಲಿ ಈ ಇಡೀ ಪ್ರಕರಣದ ಕೀಲಿ ಇರುವುದು ಇಲ್ಲಿಯೇ.

ಹೀಗೊಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ಅರ್ಜಿಯ ಜೊತೆ ಆತಿಥೇಯ ಕುಟುಂಬಕ್ಕೊಂದು ಪತ್ರ ಬರೆಯಬೇಕಾಗಿದೆ. ನಮಾಝ್, ಹಲಾಲ್, ನಾಯಿ ಎಂದೆಲ್ಲ ಬರೆದರೆ ಯಾರೂ ಆರಿಸಲಾರರೆಂದು ಹೆದರಿದ ಹುಡುಗ ಕ್ರಿಕೆಟ್ ಮತ್ತು ಕಂಪ್ಯೂಟರಿನ ಬಗ್ಗೆ ಮಾತ್ರ ಬರೆಯುತ್ತಾನೆ. ಮೊದಲ ರಾತ್ರಿಯೇ ಆ ಮನೆಯ ತಾಯಿ ಪ್ರೀತಿಯಿಂದ ಹಂದಿಮಾಂಸದ ಖಾದ್ಯ ಬಡಿಸುತ್ತಾಳೆ. “ಹಸಿವಿಲ್ಲ” ಎನ್ನುತ್ತಾನೆ. ನಮ್ಮಲ್ಲಾದರೆ ಬೇಡವೆಂದವನಿಗೆ ಮೂರು ಸಲ ಒತ್ತಾಯಿಸುತ್ತಾರೆ. ಅಲ್ಲಿ ಒಮ್ಮೆ ಬೇಡವೆಂದರೆ ಬೇಡವೆಂದೇ ಅರ್ಥ. ಹುಡುಗ ಹಸಿದೇ ಮಲಗುತ್ತಾನೆ. ಇಶಾ ನಮಾಝನ್ನು ಬಾಗಿಲು ಮುಚ್ಚಿ ಕದ್ದು ನಿರ್ವಹಿಸುತ್ತಾನೆ. ವಾರ ಕಳೆಯುವಷ್ಟರಲ್ಲಿ ಅವನಿಗೆ ತಮ್ಮ ಮನೆ ಹಿಡಿಸಲಿಲ್ಲವೆಂದು ಅವರು ನೊಂದಿರುತ್ತಾರೆ. ತನ್ನನ್ನು ಅರ್ಥಮಾಡಿಕೊಳ್ಳುವವರಿಲ್ಲವೆಂದು ಅವನೂ ನೊಂದಿರುತ್ತಾನೆ. ತಪ್ಪು ಯಾರದು? ಅವರಿಗೆ ಯಾರೂ ಹೇಳಲೇ ಇಲ್ಲವಲ್ಲ!

ಕ್ರಿ.ಶ. 615ರಲ್ಲಿ ಮಕ್ಕಾದ ಮುಸ್ಲಿಮರು ಅಬಿಸೀನಿಯಕ್ಕೆ ಹೋದಾಗ ಅವರೂ ಕ್ರೈಸ್ತ ದೊರೆ ನಜಾಶಿಯ ಅತಿಥಿಗಳಾಗಿದ್ದರು. ಕುರೈಶರ ದೂತರು ಬಂದು, ಇವರು ಈಸಾರ(ಅ) ಬಗ್ಗೆ ಏನೆನ್ನುತ್ತಾರೆಂದು ಕೇಳಿ ನೋಡಿ ಎಂದು ದೊರೆಯ ಕಿವಿಯೂದಿದರು. ಜಅಫರ್ ಬಿನ್ ಅಬೂತಾಲಿಬ್(ರ) ಮಾತನ್ನು ಮರೆಸಲಿಲ್ಲ, ಕೆರಳಿಸುವಂತೆಯೂ ಆಡಲಿಲ್ಲ. ತಮ್ಮ ಪ್ರವಾದಿ(ಸ) ಕಲಿಸಿದ್ದನ್ನು ವಿನಯದಿಂದ ಇದ್ದಂತೆಯೇ ಹೇಳಿದರು. ಅವರಲ್ಲಿ ಅನೇಕರು ಅಲ್ಲಿ ಹತ್ತಕ್ಕೂ ಹೆಚ್ಚು ವರ್ಷ ನೆಮ್ಮದಿಯಿಂದ ಬದುಕಿದರು. ಆ ಪತ್ರದಲ್ಲಿಯೂ ಇಷ್ಟೇ ಬೇಕಾದದ್ದು: ನಾನು ದಿನಕ್ಕೆ ಐದು ಸಲ ನಮಾಝ್ ಮಾಡುತ್ತೇನೆ, ಐದು ಹತ್ತು ನಿಮಿಷ ಮತ್ತು ಒಂದು ಶುಚಿಯಾದ ಮೂಲೆ ಸಾಕು, ಹಂದಿಮಾಂಸ, ಮದ್ಯ ಸೇವಿಸುವುದಿಲ್ಲ, ರಮಝಾನಿನಲ್ಲಿ ಉಪವಾಸವಿರುತ್ತೇನೆ. ಇದನ್ನೋದಿ ಬೇಡವೆನ್ನುವ ಮನೆ ಹೇಗೂ ಅವನಿಗೆ ತಕ್ಕ ಮನೆಯಲ್ಲ.

ನಾಯಿಯ ವಿಷಯವನ್ನೂ ಮುಂಚೆಯೇ ಹೇಳಬೇಕು. ಅಲ್ಲಿ ನಾಯಿ ಕಾವಲಿಗಲ್ಲ, ಮನೆಯ ಸದಸ್ಯ. ಸೋಫಾದ ಮೇಲೇ ಅದರ ವಾಸ. ಶಾಫಿಈ ಮದ್‌ಹಬನ್ನು ಅನುಸರಿಸುವ ನಮ್ಮ ಕರಾವಳಿಯವರಿಗೆ ಇದು ಹೆಚ್ಚು ಕಷ್ಟ; ಹನಫಿಗಳಲ್ಲಿ ಅದರ ಜೊಲ್ಲಿನ ಬಗ್ಗೆ ಮಾತ್ರ ಕಟ್ಟುನಿಟ್ಟಿದೆ. ನಮಾಝಿನ ಬಟ್ಟೆ ಮತ್ತು ಮುಸಲ್ಲಾ ಬೇರೆ ಇಟ್ಟು, ತನ್ನ ಕೋಣೆಗೆ ಅದು ಬಾರದಂತೆ ಕೇಳಿಕೊಳ್ಳಬಹುದು. ಆದರೆ ಕಂಡ ಕೂಡಲೇ ಕಿರುಚಿ ಒದೆಯಲು ಹೋಗುವುದು ಧರ್ಮವೂ ಅಲ್ಲ, ಮರ್ಯಾದೆಯೂ ಅಲ್ಲ. ಬಾಯಾರಿದ ನಾಯಿಗೆ ನೀರು ಕೊಟ್ಟವನಿಗೆ ಅಲ್ಲಾಹನ ಕ್ಷಮೆ ದೊರೆತ ವೃತ್ತಾಂತ ನಮ್ಮದೇ ಅಲ್ಲವೇ?

ಆಹಾರದಲ್ಲಿ ಹಂದಿ ಎಂದರೆ ಮಾಂಸದ ತುಂಡು ಮಾತ್ರವಲ್ಲ. ಮಕ್ಕಳ ಮಿಠಾಯಿ, ಮಾರ್ಷ್‌ಮೆಲ್ಲೋ, ಜೆಲ್ಲಿಗಳಲ್ಲಿರುವ ಜೆಲಟಿನ್ ಹೆಚ್ಚಾಗಿ ಹಂದಿಯದ್ದಿರುತ್ತದೆ. ಪಿಜ್ಜಾದ ಮೇಲಿನ ಪೆಪ್ಪರೋನಿಯಲ್ಲೂ ಸಾಮಾನ್ಯವಾಗಿ ಅದೇ. ಗ್ರಂಥದವರ ಆಹಾರದ ಕುರಿತು ಅಲ್‌ಮಾಇದಃ ಅಧ್ಯಾಯದ 5ನೇ ಸೂಕ್ತದಲ್ಲಿ ಅನುಮತಿ ಇದೆಯಾದರೂ, ಇಂದಿನ ಕಾರ್ಖಾನೆಯ ಮಾಂಸಕ್ಕೆ ಅದು ಅನ್ವಯಿಸುವುದೇ ಎಂಬಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಸಂಶಯವಿದ್ದವರಿಗೆ ಮೀನು, ಮೊಟ್ಟೆ, ಬೇಳೆ, ತರಕಾರಿ ಎಲ್ಲೆಡೆ ಸಿಗುತ್ತದೆ. ವಾರಕ್ಕೊಮ್ಮೆ ಹುಡುಗನೇ ದಾಲ್ ಮತ್ತು ಅನ್ನ ಮಾಡಿ ಎಲ್ಲರಿಗೂ ಬಡಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಹೊರಡುವ ಮೊದಲು ಉಮ್ಮನ ಪಕ್ಕ ನಿಂತು ನಾಲ್ಕು ಅಡುಗೆ ಕಲಿಯಲಿ. ಇಷ್ಟವಾಗದ್ದನ್ನು ಸುಮ್ಮನೆ ಬಿಡಬೇಕೇ ಹೊರತು ಮುಖ ಸಿಂಡರಿಸಬಾರದು. ಪ್ರವಾದಿವರ್ಯರು(ಸ) ಎಂದೂ ಆಹಾರವನ್ನು ಹಳಿದವರಲ್ಲ.

ನಮಾಝಿನ ಸಮಯದ ಲೆಕ್ಕ ಊರಿನಂತಲ್ಲ. ಅಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೂ ತಿರುಗಿಸುತ್ತಾರೆ. ಮಿನ್ನೆಸೋಟದಂತಹ ಉತ್ತರದ ರಾಜ್ಯದಲ್ಲಿ ಶಾಲೆ ಸೇರಿದ ಸೆಪ್ಟೆಂಬರಿನಲ್ಲಿ ಝುಹರ್ ಮಧ್ಯಾಹ್ನ ಒಂದರ ನಂತರ. ಮನೆಗೆ ಬಂದೇ ನಿರ್ವಹಿಸಬಹುದು. ಡಿಸೆಂಬರಿನಲ್ಲಿ ಝುಹರ್ ಹನ್ನೆರಡರ ಸುಮಾರಿಗೆ, ಶಾಫಿಈ ಲೆಕ್ಕದ ಅಸರ್ ಎರಡರ ಸುಮಾರಿಗೆ, ಮಗ್‌ರಿಬ್ ನಾಲ್ಕೂವರೆಗೆ. ಅಂದರೆ ಶಾಲೆ ಬಿಡುವ ಹೊತ್ತಿಗೆ ಝುಹರ್ ಕಳೆದೇ ಹೋಗಿರುತ್ತದೆ! ಆದ್ದರಿಂದ ಶಾಲೆಯಲ್ಲಿ ಮೊದಲೇ ಮಾತಾಡಿ ಒಂದು ಖಾಲಿ ಕೋಣೆ ಕೇಳಿಕೊಳ್ಳಬೇಕು. ಸರಕಾರಿ ಶಾಲೆಗಳಲ್ಲೂ ವಿದ್ಯಾರ್ಥಿ ತಾನಾಗಿ ಪ್ರಾರ್ಥಿಸುವುದಕ್ಕೆ ಅಲ್ಲಿನ ಸಂವಿಧಾನದ ರಕ್ಷಣೆ ಇದೆ. ಕೇಳಲು ನಾಚಬೇಕಾದ್ದಿಲ್ಲ. ಇನ್ನೊಂದು ಮಾತು: ಪ್ರಯಾಣಿಕನೆಂದು ಹತ್ತು ತಿಂಗಳೂ ಕಸ್ರ್ ಮಾಡುವಂತಿಲ್ಲ. ಒಂದೆಡೆ ಹನಫಿಗಳಲ್ಲಿ ಹದಿನೈದು ದಿನ, ಶಾಫಿಈಗಳಲ್ಲಿ ನಾಲ್ಕು ದಿನ ತಂಗುವ ಸಂಕಲ್ಪವಾದರೆ ಪೂರ್ಣ ನಮಾಝೇ.

ವುಝೂ ಮಾಡುವಾಗಿನ ತೊಂದರೆ ಚಿಕ್ಕದೆನಿಸಿದರೂ ಜಗಳ ಹುಟ್ಟುವುದು ಇಂಥಲ್ಲಿಯೇ. ಅಲ್ಲಿನ ಬಚ್ಚಲುಮನೆಯ ನೆಲದಲ್ಲಿ ಸಾಮಾನ್ಯವಾಗಿ ನೀರು ಹೋಗುವ ತೂಬು ಇರುವುದಿಲ್ಲ. ಸುರಿದ ನೀರು ಕೆಳಗಿನ ಮಹಡಿಯ ಛಾವಣಿಗೆ ಇಳಿಯುತ್ತದೆ. ಸ್ನಾನ ತೊಟ್ಟಿಯೊಳಗೆ, ಪರದೆಯ ಅಂಚು ತೊಟ್ಟಿಯ ಒಳಗಿರಬೇಕು. ಕಾಲನ್ನು ಮುಖ ತೊಳೆಯುವ ಬೇಸಿನ್‌ಗೆ ಎತ್ತಿಡುವ ಬದಲು ತೊಟ್ಟಿಯಲ್ಲೇ ತೊಳೆದು, ಚೆಲ್ಲಿದ ಹನಿಗಳನ್ನು ಒರೆಸಿ ಬರಲಿ. ಶೌಚಕ್ಕೆ ಒಂದು ಪ್ಲಾಸ್ಟಿಕ್ ಬಾಟಲಿ ಸಾಕು.

ಮುಚ್ಚಿದ ಬಾಗಿಲನ್ನು ತಟ್ಟದೆ ತೆರೆಯುವುದು ಅಲ್ಲಿ ದೊಡ್ಡ ಅಪಚಾರ. ಅನ್ನೂರ್ ಅಧ್ಯಾಯದ 27 ಮತ್ತು 28ನೇ ಸೂಕ್ತಗಳು ಅನುಮತಿ ಪಡೆಯದೆ ಪರರ ಮನೆಯನ್ನು ಪ್ರವೇಶಿಸಬಾರದೆಂದೂ, ಮರಳಲು ಹೇಳಿದರೆ ಮರಳಬೇಕೆಂದೂ ಕಲಿಸುತ್ತವೆ. 58ನೇ ಸೂಕ್ತ ಮನೆಯೊಳಗಿನ ಖಾಸಗಿ ಹೊತ್ತುಗಳನ್ನೂ ಹೆಸರಿಸುತ್ತದೆ. ನಾವು ಓದಿಯೂ ಮರೆತದ್ದನ್ನು ಅವರು ಓದದೆಯೇ ಪಾಲಿಸುತ್ತಿರುವುದನ್ನು ಕಂಡು ನಮ್ಮ ಹುಡುಗ ನಾಚಿಕೊಂಡರೆ ಒಳ್ಳೆಯದೇ. ಆ ಮನೆಯ ಹೆಣ್ಮಕ್ಕಳೊಂದಿಗೆ ಅಥವಾ ಗಂಡುಮಕ್ಕಳೊಂದಿಗೆ ಇರಬೇಕಾದ ಅಂತರವನ್ನು ಕಾಪಾಡಲು ಈ ಬಾಗಿಲುಗಳೇ ನೆರವಾಗುತ್ತವೆ. ವಿದ್ಯಾರ್ಥಿಗೆ ಪ್ರತ್ಯೇಕ ಹಾಸಿಗೆ ಇರಬೇಕು, ಕೋಣೆ ಹಂಚಿಕೊಂಡರೂ ಅದೇ ಲಿಂಗದವರೊಂದಿಗೆ ಮಾತ್ರ ಎಂಬ ನಿಯಮವೂ ಇದೆ. ಆಲಿಂಗನಕ್ಕೆ ಬಂದವರಿಗೆ ಎದೆಯ ಮೇಲೆ ಕೈಯಿಟ್ಟು ನಗುತ್ತಾ ಕಾರಣ ಹೇಳಿದರೆ ಸಾಕು.

ಚರ್ಚಿಗೆ ಕರೆದರೆ? ಕರೆಯುವುದು ಹೆಚ್ಚಾಗಿ ಪ್ರೀತಿಯಿಂದಲೇ. ನಯವಾಗಿ ನಿರಾಕರಿಸುವ ಹಕ್ಕು ಅವನಿಗಿದೆ. ಆ ಭಾನುವಾರ ಅವರು ಮರಳುವಷ್ಟರಲ್ಲಿ ಮೇಜಿನ ಮೇಲೆ ಅವನು ಮಾಡಿದ ಚಹಾ ಇದ್ದರೆ ನಿರಾಕರಣೆ ಯಾರನ್ನೂ ನೋಯಿಸದು.

ಆದರೆ ಹೊಂದಿಕೊಳ್ಳುವುದಕ್ಕೂ ಮಿತಿಯಿದೆ. ನಮಾಝನ್ನು ತಡೆದರೆ, ಉದ್ದೇಶಪೂರ್ವಕ ನಿಷಿದ್ಧವನ್ನು ತಿನ್ನಿಸಿದರೆ, ಮೈಮುಟ್ಟುವ ವರ್ತನೆ ಕಂಡರೆ ಸಹಿಸಿಕೊಂಡು ಕೂರಬಾರದು. ಪ್ರತಿ ವಿದ್ಯಾರ್ಥಿಗೂ ಒಬ್ಬ ಸ್ಥಳೀಯ ಸಂಯೋಜಕರಿರುತ್ತಾರೆ. ತಿಂಗಳಿಗೊಮ್ಮೆಯಾದರೂ ಅವರು ವಿದ್ಯಾರ್ಥಿಯನ್ನು ವಿಚಾರಿಸಲೇಬೇಕೆಂಬ ನಿಯಮವಿದೆ. ಮನೆ ಬದಲಿಸುವ ಅವಕಾಶವೂ ಇದೆ. ಅದರಲ್ಲಿ ಅವಮಾನವೇನೂ ಇಲ್ಲ. ಹೊರಡುವ ಮೊದಲೇ ತಂದೆ ತಾಯಿ ಇದನ್ನು ಬಾಯಿ ಬಿಟ್ಟು ಹೇಳಿರಬೇಕು: “ಏನಾದರೂ ಆದರೆ ನಮ್ಮಲ್ಲಿ ಹೇಳು, ನಿನ್ನನ್ನು ಬೈಯುವುದಿಲ್ಲ.”

ಪ್ರತಿದಿನ ಫೋನಿನಲ್ಲಿ ಮುಖ ನೋಡಿ ಅಳುವ ತಾಯಂದಿರಿಗೂ ಒಂದು ಮಾತು. ಇಲ್ಲಿ ಬೆಳಗಾದಾಗ ಅಲ್ಲಿ ರಾತ್ರಿಯ ಊಟದ ಹೊತ್ತು. ಆ ಮನೆಯವರು ಮೇಜಿನ ಸುತ್ತ ಕೂಡುವ ಒಂದೇ ಹೊತ್ತು ಅದು. ಆಗ ನಮ್ಮ ಕರೆ ಬಂದರೆ ಹುಡುಗ ತಟ್ಟೆ ಬಿಟ್ಟು ಕೋಣೆಗೆ ಹೋಗುತ್ತಾನೆ, ಅವರು ಅವನಿಲ್ಲದೆ ಉಣ್ಣುತ್ತಾರೆ. ವಾರದಲ್ಲಿ ಒಂದು ದಿನ, ಒಂದು ಹೊತ್ತು ಎಂದು ಗೊತ್ತು ಮಾಡಿಕೊಳ್ಳಿ. ಆ ದಿನ ಮಗನೊಡನೆ ಮಾತು ಮುಗಿದ ಮೇಲೆ ಫೋನನ್ನು ಆ ಮನೆಯ ತಾಯಿಗೆ ಕೊಡಲು ಹೇಳಿ. ನಿಮ್ಮ ಇಂಗ್ಲಿಷ್ ಹರಕುಮುರುಕಾದರೂ ಚಿಂತೆಯಿಲ್ಲ, ಅವರ ಹೆಸರು ಹಿಡಿದು ಒಂದು ಥ್ಯಾಂಕ್ಸ್ ಹೇಳಿ.