ಆರುನೂರು ಜನ ಲೆಕ್ಕಕ್ಕಿಲ್ಲವೇ?

ಆಕಾಶನೌಕೆಗಳ ಚಲನಚಿತ್ರಗಳೆಂದರೆ ಬರೀ ಗದ್ದಲವೆಂದು ಹಿರಿಯರು ತಳ್ಳಿಹಾಕುವುದುಂಟು. ಆದರೆ 1998ರಲ್ಲಿ ತೆರೆಕಂಡ 'ಸ್ಟಾರ್ ಟ್ರೆಕ್: ಇನ್ಸರೆಕ್ಷನ್' ಎಂಬ ಇಂಗ್ಲಿಷ್ ಚಿತ್ರ, ಕ್ರೈಸ್ತ ಕುಟುಂಬಗಳು ಕೂಡಿ ಕುಳಿತು ಯೋಚಿಸಬೇಕಾದ ಪ್ರಶ್ನೆಯೊಂದನ್ನು ಎತ್ತುತ್ತದೆ.

ದೂರದ ಗ್ರಹವೊಂದರಲ್ಲಿ 'ಬಾಕು' ಎಂಬ 600 ಮಂದಿ ಶಾಂತಿಪ್ರಿಯರು ಯಂತ್ರಗಳ ಹಂಗಿಲ್ಲದೆ ಬೇಸಾಯ ಮಾಡಿಕೊಂಡು ಬಾಳುತ್ತಾರೆ. ಗ್ರಹದ ಸುತ್ತಲಿನ ಬಳೆಗಳಿಂದ ಹೊಮ್ಮುವ ವಿಕಿರಣಕ್ಕೆ ಮುಪ್ಪನ್ನು ತಡೆಯುವ ಶಕ್ತಿಯಿದೆ. ಅದನ್ನು ಸಂಗ್ರಹಿಸಿದರೆ ಕೋಟ್ಯಂತರ ಜನರಿಗೆ ಉಪಕಾರ. ಆದರೆ ಗ್ರಹ ವಾಸಯೋಗ್ಯವಾಗಿ ಉಳಿಯದು. ಆದ್ದರಿಂದ ಬಾಕು ಜನರನ್ನು ಅವರಿಗೇ ತಿಳಿಯದಂತೆ ಬೇರೆಡೆಗೆ ಸಾಗಿಸಲು ಅಡ್ಮಿರಲ್ ಡೊಹರ್ಟಿ 'ಸೊನಾ' ಜನಾಂಗದೊಡನೆ ಕೈಜೋಡಿಸುತ್ತಾನೆ. ಕೇವಲ 600 ಜನ ತಾನೇ ಎಂಬುದು ಅವನ ವಾದ. ಎಷ್ಟು ಜನರಾದರೆ ಅದು ಅನ್ಯಾಯವಾಗುತ್ತದೆ ಎಂಬುದು ಕ್ಯಾಪ್ಟನ್ ಪಿಕಾರ್ಡನ ಮರುಪ್ರಶ್ನೆ. ಅವನು ತನ್ನ ಪದವಿಯ ಚಿಹ್ನೆಗಳನ್ನು ಕಳಚಿಟ್ಟು ಆ ಜನರ ರಕ್ಷಣೆಗೆ ಹೊರಡುತ್ತಾನೆ.

ಡೊಹರ್ಟಿಯ ಲೆಕ್ಕಾಚಾರ ಹೊಸದಲ್ಲ. ಜನಾಂಗ ಉಳಿಯಲು ಒಬ್ಬನು ಸಾಯುವುದೇ ಮೇಲೆಂದು ಪ್ರಧಾನಯಾಜಕ ಕಾಯಫನು ವಾದಿಸಿದ್ದನ್ನು ಸಂತ ಯೊವಾನ್ನರ ಶುಭಸಂದೇಶದ 11ನೇ ಅಧ್ಯಾಯದಲ್ಲಿ ಓದುತ್ತೇವೆ. ಆ ಲೆಕ್ಕ ಮುಗಿದದ್ದು ಶಿಲುಬೆಯಲ್ಲಿ. ಯೇಸುಸ್ವಾಮಿಯ ಲೆಕ್ಕವೇ ಬೇರೆ: ತಪ್ಪಿಹೋದ ಒಂದು ಕುರಿಗಾಗಿ ಕುರುಬನು ತೊಂಬತ್ತೊಂಬತ್ತನ್ನು ಬಿಟ್ಟು ಹೊರಡುತ್ತಾನೆ.

ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಕೆಟ್ಟ ಕೃತ್ಯ ಒಳ್ಳೆಯದಾಗದು ಎಂಬುದು ಕಥೋಲಿಕ ಧರ್ಮೋಪದೇಶದ (1753) ಬೋಧನೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಮಾನವ ಘನತೆಗೆ ವಿರುದ್ಧವಾದ ಕೃತ್ಯಗಳನ್ನು ಪಟ್ಟಿಮಾಡುವಾಗ, ಕೊಲೆ ಮತ್ತು ಗುಲಾಮಗಿರಿಯ ಜೊತೆಗೆ ಜನರ ಗಡೀಪಾರನ್ನೂ ಸೇರಿಸಿತು. ಮನುಷ್ಯನು ದೇವರ ಪ್ರತಿರೂಪ. ಆದುದರಿಂದ ಇನ್ನೊಬ್ಬರ ಲಾಭಕ್ಕೆ ಅವನು ಬರೀ ಸಾಧನವಾಗಲಾರ. ಇತರರ ಪ್ರಾಣದ ಹೊಣೆ ಹೊತ್ತವರಿಗೆ ಅವರನ್ನು ರಕ್ಷಿಸುವುದು ಹಕ್ಕಷ್ಟೇ ಅಲ್ಲ, ಕರ್ತವ್ಯವೂ ಹೌದೆಂದು ಧರ್ಮಸಭೆ ಕಲಿಸುತ್ತದೆ (2265).

ಕೊನೆಗೆ ತಿಳಿಯುವ ಸತ್ಯವೇನೆಂದರೆ, ಸೊನಾ ಜನರು ಬಾಕು ಜನರದೇ ಮಕ್ಕಳು. ಅಧಿಕಾರ ಕಸಿಯಲು ಹೋಗಿ ಊರಿನಿಂದ ಹೊರಹಾಕಲ್ಪಟ್ಟವರು. ಅವರಲ್ಲೊಬ್ಬ, ಗಲಾಟಿನ್, ಮನಸ್ಸು ಬದಲಿಸಿ ತಾಯಿಯ ಮುಂದೆ ಬಂದು ನಿಲ್ಲುತ್ತಾನೆ. ದುಂದುಗಾರ ಮಗನ ಸಾಮತಿ ಇಲ್ಲಿ ನೆನಪಾಗದೆ ಇರದು.

ಇದು ಆಕಾಶದ ಕಥೆ ಮಾತ್ರವೇ? 'ಎಲ್ಲರ ಒಳ್ಳೆಯದಕ್ಕೆ' ಎನ್ನುತ್ತಾ ವಯಸ್ಸಾದ ತಾಯಿಗೆ ತಿಳಿಸದೆ ಮನೆ ಮಾರುವ ಮಕ್ಕಳು, ಮದುವೆಯಾಗದ ಅಕ್ಕನನ್ನು ಕೇಳದೆ ಅವಳ ಪಾಲನ್ನು ಹಂಚಿಕೊಳ್ಳುವ ತಮ್ಮಂದಿರು ಹಾಕುವುದೂ ಇದೇ ಲೆಕ್ಕವನ್ನೇ.

ಕುಟುಂಬದಲ್ಲಿ ಚಿಂತಿಸಿರಿ: ನಮ್ಮ ಮನೆಯಲ್ಲಿ ಯಾರನ್ನು ಕೇಳದೆಯೇ ತೀರ್ಮಾನಗಳಾಗುತ್ತಿವೆ? ಇಂದು ರಾತ್ರಿ ಜಪಸರದ ನಂತರ ಅವರ ಮಾತನ್ನು ಮೊದಲು ಕೇಳೋಣವೇ?