‘ಭಾವಿ’ ಎಂದರೆ ಇನ್ನೂ ಆಗಿಲ್ಲ



ನಿಶ್ಚಿತಾರ್ಥ ಮುಗಿದ ಮನೆಯಲ್ಲಿ ‘ಭಾವಿ ಅಳಿಯ’, ‘ಭಾವಿ ಸೊಸೆ’ ಎಂಬ ಮಾತುಗಳು ಸಂತೋಷದಿಂದ ಕೇಳಿಬರುತ್ತವೆ. ಈ ಚಿಕ್ಕ ಪದದ ಅರ್ಥವನ್ನು ನಾವು ಸರಿಯಾಗಿ ತಿಳಿದಿದ್ದೇವೆಯೇ?

‘ಆಗು’ ಎಂಬ ಅರ್ಥದ ‘ಭೂ’ ಎಂಬ ಸಂಸ್ಕೃತ ಧಾತುವಿನಿಂದ ‘ಭಾವಿ’ ಬಂದಿದೆ. ‘ಭವಿಷ್ಯ’ವೂ ಅದೇ ಬೇರಿನದು. ಹಿಂದೆ ಇದ್ದವರು ಮಾಜಿ, ಈಗ ಇರುವವರು ಹಾಲಿ, ಮುಂದೆ ಆಗಲಿರುವವರು ಭಾವಿ. ಮಹಾಪ್ರಾಣ ಬಿಟ್ಟು ‘ಬಾವಿ’ ಎಂದು ಬರೆದರೆ ಅದು ನೀರು ಸೇದುವ ಬಾವಿ! ‘ಭಾವಿ’ಯಲ್ಲಿ ಎರಡು ಮಾತುಗಳಿವೆ: ಆಗಲಿದೆ, ಆದರೆ ಇನ್ನೂ ಆಗಿಲ್ಲ. ಮೊದಲನೆಯದನ್ನು ನೆನಪಿಡುತ್ತೇವೆ, ಎರಡನೆಯದನ್ನು ಮರೆಯುತ್ತೇವೆ.

ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಮರಿಯಳು ಜೋಸೆಫನಿಗೆ ನಿಶ್ಚಿತಳಾಗಿದ್ದಳು, ಅಷ್ಟೇ. ಆದರೂ ಆತನನ್ನು ಆಕೆಯ ಪತಿಯೆಂದೇ ಕರೆಯಲಾಗಿದೆ. ಆಗಿನ ಯೆಹೂದ್ಯರಲ್ಲಿ ನಿಶ್ಚಿತಾರ್ಥವೇ ಕಾನೂನಿನ ಬಂಧನವಾಗಿತ್ತು. ಅದನ್ನು ಬಿಡಿಸಲು ವಿಚ್ಛೇದನವೇ ಬೇಕಿತ್ತು.

ನಮ್ಮಲ್ಲಿ ಹಾಗಿಲ್ಲ. ವಧೂವರರ ಸ್ವತಂತ್ರ ಒಪ್ಪಿಗೆಯೇ ಮದುವೆಯನ್ನು ಉಂಟುಮಾಡುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1062ನೇ ವಿಧಿಯ ಪ್ರಕಾರ, ಮಾತು ಕೊಟ್ಟ ಕಾರಣಕ್ಕಾಗಿ ಮದುವೆ ಆಗಲೇಬೇಕೆಂದು ಯಾರೂ ದಾವೆ ಹೂಡುವಂತಿಲ್ಲ; ನಷ್ಟವಾಗಿದ್ದರೆ ಪರಿಹಾರ ಕೇಳಬಹುದು. 1103ನೇ ವಿಧಿಯಂತೆ, ಬಲವಂತ ಇಲ್ಲವೇ ತೀವ್ರ ಭಯದಿಂದ ನಡೆದ ಮದುವೆ ಸಿಂಧುವೇ ಅಲ್ಲ. ದೇವಾಲಯದಲ್ಲಿ ಮದುವೆಯ ಪ್ರಕಟಣೆ ಓದುವುದೂ ಇದಕ್ಕಾಗಿಯೇ. ಅಡ್ಡಿಯಿದ್ದರೆ ತಿಳಿದವರು ಮೊದಲೇ ಗುರುಗಳಿಗೆ ತಿಳಿಸಲಿ ಎಂದು.

ಕೊಟ್ಟ ಮಾತು ಹಗುರವಾದುದಲ್ಲ. ಹುಚ್ಚಾಟಕ್ಕೆ ಅದನ್ನು ಮುರಿಯುವುದು ಇನ್ನೊಬ್ಬರ ಮನಸ್ಸನ್ನು ಮುರಿದಂತೆ. ಆದರೆ ಮಗಳು ತಲೆ ತಗ್ಗಿಸಿ ‘ನನಗೆ ಹೆದರಿಕೆಯಾಗುತ್ತಿದೆ’ ಎಂದಾಗ, ‘ಪತ್ರಿಕೆ ಹಂಚಿ ಆಯಿತು, ಛತ್ರಕ್ಕೆ ಮುಂಗಡ ಕೊಟ್ಟಾಯಿತು, ನಾಲ್ಕು ಜನ ಏನಂದಾರು?’ ಎಂದು ಆಕೆಯ ಬಾಯಿ ಮುಚ್ಚಿಸಬೇಡಿ. ವರದಕ್ಷಿಣೆಯ ಮಾತೋ ಕುಡಿತದ ಸುದ್ದಿಯೋ ಈಗ ತಿಳಿದಿರಬಹುದು. ಮುಂಗಡದ ಹಣ ಹೋದರೆ ಮತ್ತೆ ದುಡಿಯಬಹುದು. ಮದುವೆಯ ಮಾತಾದರೋ ಮರಣದವರೆಗೆ.

ತಂದೆತಾಯಿಯರೇ, ಮದುವೆಗೆ ಮುನ್ನ ಒಂದು ಸಂಜೆ ಮಗನನ್ನೋ ಮಗಳನ್ನೋ ಒಬ್ಬರನ್ನೇ ಕೂರಿಸಿಕೊಂಡು ಕೇಳಿ: ‘ನಿನಗೆ ಮನಸಾರೆ ಒಪ್ಪಿಗೆಯೇ?’ ಉತ್ತರ ಏನೇ ಬಂದರೂ ಸಿಟ್ಟಾಗದೆ ಆಲಿಸಿ. ಹೌದೆಂದರೆ ಹರಸಿ, ಅಳುಕಿದರೆ ಗುರುಗಳ ಬಳಿ ಕರೆದೊಯ್ಯಿರಿ. ‘ಭಾವಿ’ ಎಂಬ ಪದ ಇರುವವರೆಗೆ ಕೇಳುವ ಕಾಲವೂ ಇದೆ.